ಓಡುತ್ತದೆ ಅಂದ ಮಾತ್ರಕ್ಕೆ ಬೆಂಬಲ ಇದೆ ಅಂತಲ್ಲ

ವರ್ಚುವಲ್ ಮಷೀನ್‌ನ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಆಯಸ್ಸು ಲೆಕ್ಕ ಹಾಕುವಾಗ ಹೆಚ್ಚಿನವರು ಒಳಗಿರುವ ಓಎಸ್‌ನ ಬೆಂಬಲ ಮುಗಿಯುವ ತಾರೀಖು ಮಾತ್ರ ನೋಡುತ್ತಾರೆ. ಸೆಂಟ್‌ಓಎಸ್ 7 ಲಿನಕ್ಸ್‌ಗೆ 2024ರ ಜೂನ್ 30, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಇವು ಬಾಯಿಪಾಠ. ಆದರೆ ಕೆಳಗೆ ಕೂತು ಇಂಥ ಮಷೀನ್‌ಗಳನ್ನು ಓಡಿಸುವ ಹೈಪರ್‌ವೈಸರ್‌ಗೂ ಕೊನೆಯ ದಿನ ಇದೆ. ವಿಎಂವೇರ್‌ನ ಹೈಪರ್‌ವೈಸರ್ ಇಎಸ್‌ಎಕ್ಸ್‌ಐ 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್ 15ಕ್ಕೆ ಮುಗಿಯಿತು, 7.0ರದ್ದು 2025ರ ಅಕ್ಟೋಬರ್ 2ಕ್ಕೆ. ಓಎಸ್ ಮತ್ತು ಹೈಪರ್‌ವೈಸರ್ ನಡುವೆ ಮೂರನೆಯದೊಂದು ಕೂತಿದೆ, ಗೆಸ್ಟ್ ಡ್ರೈವರ್‌ಗಳು (ಒಳಗಿನ ಓಎಸ್, ಅಂದರೆ ಗೆಸ್ಟ್, ವರ್ಚುವಲ್ ಡಿಸ್ಕ್‌ನಂಥವನ್ನು ಬಳಸಲು ಬೇಕಾದ ಡ್ರೈವರ್‌ಗಳು). ಮೂರರಲ್ಲಿ ಯಾವುದು ಮೊದಲು ಸಾಯುತ್ತದೋ ಅದೇ ಆ ಮಷೀನ್‌ನ ನಿಜವಾದ ಗಡುವು.

ಪ್ರಕಟವಾದ ತಾರೀಖನ್ನೂ ಕಣ್ಣುಮುಚ್ಚಿ ನಂಬಬೇಡಿ. 2029ರವರೆಗೆ ಬರಬೇಕಿದ್ದ ಸೆಂಟ್‌ಓಎಸ್ 8 ನಿಂತದ್ದು 2021ರ ಡಿಸೆಂಬರ್ 31ಕ್ಕೆ.

ಹಳೆಯ ಓಎಸ್ ಹೊಸ ಹೈಪರ್‌ವೈಸರ್ ಮೇಲೆ ಸಾಮಾನ್ಯವಾಗಿ ಬೂಟ್ ಆಗುತ್ತದೆ. ತಕರಾರು ಶುರುವಾಗುವುದು ಡ್ರೈವರ್‌ನಲ್ಲಿ. ಲಿನಕ್ಸ್‌ನ ಹೈಪರ್‌ವೈಸರ್ ಕೆವಿಎಂ ಮೇಲೆ ವಿಂಡೋಸ್ 7 ಹಾಕುವವರು ವರ್ಟ್‌ಐಒ ಎಂಬ ಗೆಸ್ಟ್ ಡ್ರೈವರ್‌ಗಳ ಹೊಸ ಐಎಸ್‌ಒ (ಡಿಸ್ಕ್ ಇಮೇಜ್ ಫೈಲ್) ಇಳಿಸಿಕೊಂಡು ಒದ್ದಾಡುತ್ತಾರೆ. ಅದಕ್ಕೆ ಬೇಕಾದದ್ದು 0.1.173ರಂಥ ಹಳೆಯ ಆವೃತ್ತಿ. ಆ ಐಎಸ್‌ಒ ಈಗಲೇ ಇಳಿಸಿ, ಮಷೀನ್‌ನ ಬ್ಯಾಕಪ್ ಜೊತೆಗೇ ಇಟ್ಟುಬಿಡಿ.

ಬೇರೆ ಹೈಪರ್‌ವೈಸರ್‌ನಿಂದ ತಂದ ವಿಂಡೋಸ್ ಮಷೀನ್‌ನ ಡಿಸ್ಕನ್ನು ನೇರವಾಗಿ ವರ್ಟ್‌ಐಒಗೆ ಬದಲಿಸಿದರೆ ನೀಲಿ ಪರದೆ, ಸ್ಟಾಪ್ ಕೋಡ್ 7ಬಿ. ಡಿಸ್ಕ್ ಕೆಟ್ಟಿಲ್ಲ, ಬೂಟ್ ಆಗುವ ಹೊತ್ತಿಗೆ ಬೇಕಾದ ಕಂಟ್ರೋಲರ್ ಡ್ರೈವರ್ ಇಲ್ಲ, ಅಷ್ಟೆ. ಮೊದಲು ಬೂಟ್ ಡಿಸ್ಕನ್ನು ಐಡಿಇ ಅಥವಾ ಸಾಟಾ ಕಂಟ್ರೋಲರ್‌ನಲ್ಲೇ ಬಿಡಿ. 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟ್‌ಐಒ ಆಗಿ ಸೇರಿಸಿ, ವಿಂಡೋಸ್ ಒಳಗೆ ಡ್ರೈವರ್ ಹಾಕಿ, ಆ ಖಾಲಿ ಡಿಸ್ಕ್ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣಿಸುತ್ತದೆಯೇ ನೋಡಿ. ಕಂಡರೆ ಶಟ್‌ಡೌನ್ ಮಾಡಿ ಬೂಟ್ ಡಿಸ್ಕನ್ನು ಬದಲಿಸಿ, ಖಾಲಿ ಡಿಸ್ಕನ್ನು ಕಿತ್ತುಹಾಕಿ. ಬೂಟ್ ಆರ್ಡರ್ ಮತ್ತೆ ನೋಡಲು ಮರೆಯಬೇಡಿ, ಕಂಟ್ರೋಲರ್ ಬದಲಾದಾಗ ಅದೂ ಅಳಿಸಿಹೋಗುತ್ತದೆ.

ಹೊಸ ಓಎಸ್ ಹಳೆಯ ಸೆಟ್ಟಿಂಗ್ ಮೇಲೆ ಬಿದ್ದಾಗಿನ ಕಥೆ ಇನ್ನೂ ಗೊಂದಲದ್ದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಬೂಟ್ ಆಗಲು ಎಕ್ಸ್86-64-ವಿ2 ಮಟ್ಟದ ಸಿಪಿಯು ಬೇಕು (ಪ್ರೊಸೆಸರ್‌ಗೆ ಯಾವ್ಯಾವ ಸೂಚನೆಗಳು ಗೊತ್ತು ಎನ್ನುವುದರ ಅಳತೆ ಈ ಮಟ್ಟ). ಹೋಸ್ಟ್‌ನಲ್ಲಿ, ಅಂದರೆ ಮಷೀನ್ ಓಡುವ ನಿಜವಾದ ಕಂಪ್ಯೂಟರ್‌ನಲ್ಲಿ, ಹೊಚ್ಚ ಹೊಸ ಪ್ರೊಸೆಸರ್ ಇದ್ದರೂ, ಮಷೀನ್‌ಗೆ ಕೆವಿಎಂ64 ಎಂಬ ಹಳೆಯ ಮಾದರಿ ಕೊಟ್ಟಿದ್ದರೆ ಗೆಸ್ಟ್‌ಗೆ ಕಾಣಿಸುವುದು ಅದೊಂದೇ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ದೋಷ ತೋರಿಸುತ್ತದೆ, ಕರ್ನಲ್ ಪ್ಯಾನಿಕ್ ಆಗಿ ಓಎಸ್ ನಿಂತುಬಿಡುತ್ತದೆ. ಜನ ಐಎಸ್‌ಒ ಕೆಟ್ಟಿದೆ ಎಂದು ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾರೆ, ಪಾಪ. ಸಿಪಿಯು ಮಾದರಿಯನ್ನು "ಹೋಸ್ಟ್" ಎಂದು ಬದಲಿಸಿದರೆ ಮುಗಿಯಿತು. ಆದರೆ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳ ನಡುವೆ ಲೈವ್ ಮೈಗ್ರೇಶನ್ (ಓಡುತ್ತಿರುವ ಮಷೀನನ್ನು ನಿಲ್ಲಿಸದೆ ಸಾಗಿಸುವುದು) ಮಾಡುವ ಕ್ಲಸ್ಟರ್‌ನಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಎಲ್ಲ ಹೋಸ್ಟ್‌ಗಳಿಗೂ ಸಾಮಾನ್ಯವಾದ ಮಟ್ಟವನ್ನೇ ಆರಿಸಬೇಕು. ಕೆವಿಎಂ ಬಳಸುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಆವೃತ್ತಿ 8ರಿಂದ ಹೊಸ ಮಷೀನ್‌ಗಳಿಗೆ ತಾನಾಗಿ ವಿ2 ಮಟ್ಟ ಸಿಗುತ್ತದೆ, ಹಳೆಯವನ್ನು ಕೈಯಾರೆ ಬದಲಿಸಬೇಕು. ರೆಡ್ ಹ್ಯಾಟ್‌ನ ಆವೃತ್ತಿ 10ಕ್ಕೆ ವಿ3 ಬೇಕು, ಅಂದರೆ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರಲೇಬೇಕು. ಇದನ್ನು ಯಾವ ಸೆಟ್ಟಿಂಗೂ ಸೃಷ್ಟಿಸಿ ಕೊಡದು; ಹೋಸ್ಟ್ ಹಳೆಯದಾದರೆ, ವಿ2ಗೂ ಪ್ರತ್ಯೇಕ ಬಿಲ್ಡ್ ಕೊಡುವ, ರೆಡ್ ಹ್ಯಾಟ್‌ಗೆ ಹೊಂದುವ ಆಲ್ಮಾಲಿನಕ್ಸ್ 10 ನೋಡಬಹುದು.

ಹೋಸ್ಟ್‌ನ ಕರ್ನಲ್ ಅಪ್‌ಡೇಟ್ ಕೂಡ ಕೈಕೊಡುತ್ತದೆ. ಲಿನಕ್ಸ್ 6.12ರಿಂದ ಕೆವಿಎಂ ಮಾಡ್ಯೂಲ್ ಲೋಡ್ ಆದ ಕೂಡಲೇ ಪ್ರೊಸೆಸರ್‌ನ ವರ್ಚುವಲೈಸೇಶನ್ ಸೌಲಭ್ಯವನ್ನು ತಾನೇ ಹಿಡಿದುಕೊಳ್ಳುತ್ತದೆ. ಆಗ ಅದೇ ಸೌಲಭ್ಯ ಬೇಕಾದ ಇನ್ನೊಂದು ಹೈಪರ್‌ವೈಸರ್ ವರ್ಚುವಲ್‌ಬಾಕ್ಸ್‌ನ ಮಷೀನ್‌ಗಳು ವಿಎಂಎಕ್ಸ್ ರೂಟ್ ಮೋಡ್‌ನ ದೋಷ ತೋರಿಸಿ ನಿಂತುಬಿಡಬಹುದು. ಕೆವಿಎಂ ಮಾಡ್ಯೂಲ್‌ಗಳನ್ನು ಅನ್‌ಲೋಡ್ ಮಾಡಿದರೆ ಸರಿಹೋಗುತ್ತದೆ. ಶಾಶ್ವತವಾಗಿ ಬೇಕಾದರೆ ಲೋಡ್ ಆಗುವಾಗಲೇ ಹಿಡಿಯುವ ಆ ಗುಣವನ್ನು ಬೂಟ್ ಪ್ಯಾರಾಮೀಟರ್‌ನಲ್ಲಿ ಸೊನ್ನೆ ಮಾಡಿ.

ವಿಂಡೋಸ್ 10ರಿಂದ 11ಕ್ಕೆ ಹೋಗುವ ಮಷೀನ್‌ಗೆ ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಚಿಪ್) ಮತ್ತು ಯುಇಎಫ್‌ಐ (ಹಳೆಯ ಬಯಾಸ್ ಬದಲಿಗೆ ಬಂದ ಫರ್ಮ್‌ವೇರ್) ಬೇಕು. ವರ್ಚುವಲ್‌ಬಾಕ್ಸ್‌ನಲ್ಲಿ ಇವು ಸರಿಯಾಗಿ ಬಂದದ್ದು 7.0ರಲ್ಲಿ. ಬಯಾಸ್‌ನಲ್ಲಿ ಹಾಕಿದ ಮಷೀನ್‌ನ ಫರ್ಮ್‌ವೇರನ್ನು ಸುಮ್ಮನೆ ಬದಲಿಸಿದರೆ ಅದು ಬೂಟ್ ಆಗದು. ಮೊದಲು ಡಿಸ್ಕನ್ನು ಯುಇಎಫ್‌ಐಗೆ ಹೊಂದುವ ರೂಪಕ್ಕೆ ತರುವ, ವಿಂಡೋಸ್‌ನದೇ ಎಂಬಿಆರ್‌2ಜಿಪಿಟಿ ಓಡಿಸಿ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ವಿಎಂವೇರ್‌ನಲ್ಲಿ ಅಪ್‌ಗ್ರೇಡ್‌ನ ಕ್ರಮ ತಪ್ಪಬಾರದು: ಹೋಸ್ಟ್‌ಗಳನ್ನೆಲ್ಲ ನಿರ್ವಹಿಸುವ ವಿಸೆಂಟರ್, ಆಮೇಲೆ ಹೋಸ್ಟ್, ಆಮೇಲೆ ಟೂಲ್ಸ್ (ವಿಎಂವೇರ್‌ನ ಗೆಸ್ಟ್ ಡ್ರೈವರ್‌ಗಳು), ಎಲ್ಲಕ್ಕೂ ಕೊನೆಗೆ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ. ಕೊನೆಯದಕ್ಕೆ ಅವಸರವೇ ಬೇಡ. 20ಕ್ಕೆ ಏರಿಸಿದ ಮಷೀನ್ ಇಎಸ್‌ಎಕ್ಸ್‌ಐ 8ರಲ್ಲಿ ಓಡುತ್ತದೆ, 7.0ರಲ್ಲಿ ಏಳುವುದೇ ಇಲ್ಲ. ತುರ್ತಿಗೆಂದು ಇಟ್ಟ ಎರಡನೇ ಸೈಟ್ ಇನ್ನೂ 7.0ರಲ್ಲೇ ಇದ್ದರೆ, ಅದು ಗೊತ್ತಾಗುವುದು ತುರ್ತು ಬಂದ ದಿನವೇ.