ಬಿಸಿಯಾದ ಮೇಲೆ ಆರಿಹೋಗುವ ಕಿಡಿ

ತುಮಕೂರಿನ ಬಟವಾಡಿಯ ಬಳಿ ಇರುವ ನನ್ನ ಗ್ಯಾರೇಜಿಗೆ ಹೆಚ್ಚಾಗಿ ಬರುವುದು ಹಳೆಯ ಟೂ-ಸ್ಟ್ರೋಕ್ ಬೈಕುಗಳು, ಮೊಪೆಡ್‌ಗಳು ಮತ್ತು ಔಷಧಿ ಹೊಡೆಯುವ ಪಂಪುಗಳು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಸಾಗಿಸುವ ದೋಣಿಯೊಂದರ ಹಳೆಯ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್) ತಂದಿಳಿಸಿದಾಗ, ಪಾಯಿಂಟ್ (ಕಿಡಿಯ ಹೊತ್ತಿಗೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು) ಮತ್ತು ಕಂಡೆನ್ಸರ್ (ಆಗ ಪಾಯಿಂಟ್ ಸುಡದಂತೆ ಕಾಯುವ ಬಿಡಿಭಾಗ) ಕೆಲಸ ಕೈಗೆ ರೂಢಿಯಾಗಿದ್ದುದರಿಂದ ನಾನು ಅಳುಕದೆ ಒಪ್ಪಿಕೊಂಡೆ. ಎರಡು ಸಿಲಿಂಡರಿನ ಆ ಮೋಟಾರಿನಲ್ಲಿ ಆಯಸ್ಕಾಂತ ಹೊತ್ತು ತಿರುಗುವ ಚಕ್ರದ, ಅಂದರೆ ಫ್ಲೈವೀಲ್‌ನ, ಕೆಳಗೆ ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ತಂತಿಯ ಸುರುಳಿ), ಪಾಯಿಂಟ್ ಮತ್ತು ಕಂಡೆನ್ಸರ್ ಇದ್ದವು. ಕಿಡಿಗೆ ಬ್ಯಾಟರಿಯ ಹಂಗಿರಲಿಲ್ಲ.

“ಬೆಳಿಗ್ಗೆ ಒಂದೇ ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದಣ್ಣ. ಅರ್ಧ ಗಂಟೆ ಓಡಿದ ಮೇಲೆ ನಡುನೀರಿನಲ್ಲಿ ಮಿಸ್ಸಿಂಗ್ ಶುರುವಾಗಿ ನಿಂತೇಹೋಗುತ್ತದೆ. ಆರಲು ಬಿಟ್ಟರೆ ಮತ್ತೆ ಸರಿಯಾಗುತ್ತದೆ” ಎಂದು ದೋಣಿ ನಡೆಸುವವರು ಮೊದಲ ದಿನವೇ ಹೇಳಿದ್ದರು. ನಾನು ಅದನ್ನು ಕೇಳಿಸಿಕೊಂಡೆನೇ ಹೊರತು ಅದರ ಜಾಡು ಹಿಡಿಯಲಿಲ್ಲ.

ಮೊದಲು ಕಾರ್ಬುರೇಟರ್ ಬಿಚ್ಚಿ ತೊಳೆದೆ, ಪ್ಲಗ್‌ಗಳನ್ನು ಬದಲಾಯಿಸಿದೆ. ಬಳಿಕ ಪುಲ್ಲರ್ ಹಾಕಿ ಫ್ಲೈವೀಲ್ ತೆಗೆದು, ಅದನ್ನು ಶಾಫ್ಟಿನ ಮೇಲೆ ಜರುಗದಂತೆ ಹಿಡಿಯುವ ಕೀ ತುಂಡಾಗಿಲ್ಲವೆಂದು ಖಚಿತಪಡಿಸಿಕೊಂಡೆ. ಕೀ ಸ್ವಲ್ಪ ಜರುಗಿದರೂ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ತಪ್ಪುತ್ತದೆ. ಪಾಯಿಂಟ್‌ಗಳ ಮೇಲೆ ಬೂದುಬಣ್ಣದ ಪೊರೆ ಕಟ್ಟಿತ್ತು. ಅದನ್ನು ಉಜ್ಜಿ ತೆಗೆದು, ಆ ಮಾದರಿಗೆ ಹೇಳಿರುವಂತೆ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಅಂತರ ಇಟ್ಟೆ. ಅಂತರ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜಿಗೆ ಅಂಟಿದ ಎಣ್ಣೆಯೂ ಪಾಯಿಂಟನ್ನು ಕೆಡಿಸುವುದರಿಂದ, ಅಳತೆಯಾದ ಮೇಲೆ ಹೊಳಪಿಲ್ಲದ ಲಗ್ನಪತ್ರಿಕೆಯ ರಟ್ಟನ್ನು ಪಟ್ಟಿಯಾಗಿ ಕತ್ತರಿಸಿ ಪಾಯಿಂಟ್‌ಗಳ ನಡುವೆ ಎಳೆಯುವುದು ನನ್ನ ಪದ್ಧತಿ. ಪೆಟ್ರೋಲ್ ಆವಿ ಇಲ್ಲದ ಕಡೆ ಪರೀಕ್ಷಿಸಿದಾಗ ಎರಡೂ ಕಾಯಿಲ್‌ಗಳ ಕಿಡಿ 6 ಮಿಲಿಮೀಟರ್ ಅಂತರವನ್ನು ನೀಲಿಯಾಗಿ ಹಾರಿತು. ನೀರು ತುಂಬಿದ ಡ್ರಮ್ಮಿನಲ್ಲಿ ಮೋಟಾರ್ ಹದಿನೈದು ನಿಮಿಷ ತಡೆಯಿಲ್ಲದೆ ಓಡಿತು. ಸರಿಯಾಯಿತೆಂದು ಹೇಳಿ ಕಳುಹಿಸಿದೆ. ಮರುದಿನವೇ ಅದು ಜಲಾಶಯದ ನಡುವೆ ನಿಂತಿತು. ದೋಣಿಯಲ್ಲಿದ್ದ ಇಬ್ಬರು ಬಿಸಿಲಿನಲ್ಲಿ ಹುಟ್ಟು ಹಾಕಿಕೊಂಡು ದಡ ಸೇರಬೇಕಾಯಿತು. ಆ ಸುದ್ದಿ ಕೇಳಿ ನನಗೆ ನಾಚಿಕೆಯಾಯಿತು.

ನನ್ನ ತಪ್ಪು ಇದ್ದದ್ದು ಪರೀಕ್ಷೆಯ ಕ್ರಮದಲ್ಲಿ. ಡ್ರಮ್ಮಿನಲ್ಲಿ ನಿಧಾನ ವೇಗದಲ್ಲಿ ಓಡುವ ಮೋಟಾರಿನ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಿರುವುದರಿಂದ ದುರ್ಬಲ ಕಾಯಿಲ್ ಕೂಡ ಕಿಡಿ ಹಾರಿಸುತ್ತದೆ. ಭಾರ ಹೊತ್ತು ಥ್ರಾಟಲ್ ಪೂರ್ತಿ ತೆರೆದಾಗ ಒತ್ತಡ ಏರಿ, ಅದೇ ಪ್ಲಗ್ಗಿನ ಅಂತರವನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಇದರ ಜೊತೆಗೆ ಕಾಯಿಲ್‌ನೊಳಗಿನ ಕೂದಲೆಳೆಯಂಥ ತಂತಿ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಬೇರ್ಪಡುತ್ತದೆ, ತಣಿದಾಗ ಮತ್ತೆ ತಾಗುತ್ತದೆ. ನಾನು ನೋಡಿದ್ದು ತಣ್ಣಗಿದ್ದ, ಭಾರವಿಲ್ಲದ ಮೋಟಾರನ್ನು.

ಆದ್ದರಿಂದ ಪರಿಚಯದ ಕಾರ್ ಗ್ಯಾರೇಜಿನಿಂದ ಟೈಮಿಂಗ್ ಲೈಟ್ ಮತ್ತು ಅದನ್ನು ಉರಿಸಲು 12 ವೋಲ್ಟ್ ಬ್ಯಾಟರಿಯೊಂದನ್ನು ಕೇಳಿ ಪಡೆದು ಮಾರ್ಕೋನಹಳ್ಳಿಗೆ ಹೋಗಿ ದೋಣಿ ಹತ್ತಿದೆ. ಪ್ಲಗ್ ವಯರಿಗೆ ಟೈಮಿಂಗ್ ಲೈಟಿನ ಚಿಮಟ ಸಿಕ್ಕಿಸಿದರೆ, ಕಿಡಿಯ ವಿದ್ಯುತ್ತು ಹರಿದಾಗಲೆಲ್ಲ ದೀಪ ಮಿಂಚುತ್ತದೆ. ಓಡುವ ಮೋಟಾರಿನ ಪ್ಲಗ್ ಕ್ಯಾಪ್ ಕಿತ್ತು ನೋಡುವ ಅಪಾಯಕ್ಕೆ ಕೈಹಾಕಬೇಕಿಲ್ಲ. ಸುಮಾರು ಇಪ್ಪತ್ತೈದು ನಿಮಿಷದ ಬಳಿಕ ಮೋಟಾರಿನ ಸದ್ದು ಕುಗ್ಗಿತು. ಮೇಲಿನ ಸಿಲಿಂಡರಿನ ವಯರಿನಲ್ಲಿ ದೀಪ ಎಡೆಬಿಡದೆ ಮಿಂಚುತ್ತಿತ್ತು, ಕೆಳಗಿನದರಲ್ಲಿ ಆಗೊಮ್ಮೆ ಈಗೊಮ್ಮೆ ಮಿಂಚಿ ಆರಿಹೋಯಿತು. ಕಾರ್ಬುರೇಟರಿನ ಮೇಲಿದ್ದ ಅನುಮಾನ ಅಲ್ಲಿಗೆ ಮುಗಿಯಿತು.

ಆದರೆ ಕೆಟ್ಟಿದ್ದು ಕಾಯಿಲ್ಲೋ ಕಂಡೆನ್ಸರೋ ಎಂಬುದು ಉಳಿಯಿತು. ಬಿಸಿಗೆ ಕಂಡೆನ್ಸರ್ ಕೂಡ ಹೀಗೆ ಕೈಕೊಡಬಲ್ಲದು. ಹೊಸದಕ್ಕೆ ಹಣ ಹಾಕಿಸುವ ಮೊದಲು ಎರಡೂ ಕಾಯಿಲ್‌ಗಳನ್ನು ಮಾತ್ರ ಪರಸ್ಪರ ಅದಲುಬದಲು ಮಾಡಿ ಮತ್ತೆ ನೀರಿಗಿಳಿಸಿದೆವು. ಈ ಬಾರಿ ಆರಿದ್ದು ಮೇಲಿನ ಸಿಲಿಂಡರಿನ ದೀಪ. ದೋಷ ಕಾಯಿಲ್‌ನ ಜೊತೆಯಲ್ಲೇ ಸ್ಥಳ ಬದಲಿಸಿತ್ತು. ಗ್ಯಾರೇಜಿನಲ್ಲಿ ಆ ಕಾಯಿಲ್ಲನ್ನು ಬಿಚ್ಚಿ ಮಲ್ಟಿಮೀಟರ್ ಹಚ್ಚಿದಾಗ ತಣ್ಣಗೆ ಸರಿಯಾದ ಅಳತೆಯನ್ನೇ ತೋರಿಸಿತು. ಹೇರ್ ಡ್ರೈಯರ್‌ನಿಂದ ಕೆಲವು ನಿಮಿಷ ಬಿಸಿ ಮಾಡಿದಾಗ ಪ್ಲಗ್ಗಿಗೆ ವಿದ್ಯುತ್ತು ಕೊಡುವ ಸೆಕೆಂಡರಿ ಸುರುಳಿ ಪೂರ್ತಿ ಓಪನ್ ಆಯಿತು, ಅಂದರೆ ತಂತಿಯ ಸಂಪರ್ಕ ಕಡಿಯಿತು.

ಇನ್ನೊಂದು ಕಾಯಿಲ್ಲೂ ಅಷ್ಟೇ ಹಳೆಯದಾಗಿದ್ದುದರಿಂದ ಎರಡನ್ನೂ ಬದಲಾಯಿಸಲು ದೋಣಿಯವರು ಒಪ್ಪಿದರು. ಕಾಯಿಲ್‌ನ ಕಬ್ಬಿಣದ ಕಾಲುಗಳು ಅದನ್ನು ಬಿಗಿಯುವ ತಟ್ಟೆಯ ಅಂಚಿಗೆ ಸಮನಾಗಿ ಕೂರಬೇಕು. ಹೊರಗೆ ಚಾಚಿದರೆ ಫ್ಲೈವೀಲ್‌ನ ಆಯಸ್ಕಾಂತ ಅದನ್ನು ಉಜ್ಜುತ್ತದೆ, ಒಳಗೆ ಸರಿದರೆ ಕಿಡಿ ಸಪ್ಪೆಯಾಗುತ್ತದೆ. ಹಾಗೆ ಕೂರಿಸಿ, ಶಾಫ್ಟಿನ ಇಳಿಜಾರು ಭಾಗದ ಎಣ್ಣೆ ಒರೆಸಿ ಫ್ಲೈವೀಲ್ ಬಿಗಿದ ಮೇಲೆ, ಮೀನಿನ ಬುಟ್ಟಿಗಳನ್ನು ಹೇರಿಕೊಂಡೇ ಒಂದು ಗಂಟೆ ಓಡಿಸಿ ನೋಡಿ ದಡಕ್ಕೆ ಬಂದೆವು.