ಕೆಂಪು ಕ್ರಮ, ಹಸಿರು ಕ್ರಮ

ಕಾಲೇಜು ಬಿಟ್ಟ ಮೇಲೆ ನಾನು ಬೆಲ್ಜಿಯಂನ ಲ್ಯೂವನ್‌ಗೆ ಹೋಗಿ ಡಚ್ ವ್ಯಾಕರಣ ಓದಿದೆ. ಹಳೆಯ ಗೆಳೆಯರು ಸಿಕ್ಕಾಗೆಲ್ಲ "ಅಷ್ಟು ದೂರ ಹೋಗಿ ವ್ಯಾಕರಣಾನಾ?" ಅಂತ ನಗುತ್ತಾರೆ. ಅವರಿಗಾಗಿಯೇ ಇದು.

ಡಚ್ ಉಪವಾಕ್ಯದಲ್ಲಿ ಕ್ರಿಯಾಪದಗಳು ಕೊನೆಗೆ ಬಂದು ನಿಲ್ಲುತ್ತವೆ. 'ಅವನು ಪುಸ್ತಕ ಓದಿರುವುದರಿಂದ' ಅನ್ನಲು ಕೊನೆಯಲ್ಲಿ 'ಖೆಲೇಜೆನ್ ಹೇಫ್ಟ್' ಅನ್ನಬಹುದು, 'ಹೇಫ್ಟ್ ಖೆಲೇಜೆನ್' ಅಂತಲೂ ಅನ್ನಬಹುದು. ಖೆಲೇಜೆನ್ ನಮ್ಮ 'ಓದಿ' ಇದ್ದ ಹಾಗೆ, ಹೇಫ್ಟ್ ಅದರ ಜೊತೆಗೆ ಬರುವ ಸಹಾಯಕ ಕ್ರಿಯಾಪದ, ನಮ್ಮ 'ಇದ್ದಾನೆ' ಇದ್ದ ಹಾಗೆ. ಅದು ಕೊನೆಗೆ ಬಂದರೆ ಹಸಿರು ಕ್ರಮ, ಮೊದಲು ಬಂದರೆ ಕೆಂಪು ಕ್ರಮ. 1953ರಲ್ಲಿ ಭಾಷಾವಿಜ್ಞಾನಿ ಪೌವೆಲ್ಸ್ ಅವರು ಆಡುನುಡಿಗಳ ನಕ್ಷೆಯಲ್ಲಿ ಬಳಸಿದ ಬಣ್ಣಗಳೇ ಹೆಸರಾಗಿ ಉಳಿದುಬಿಟ್ಟಿವೆ.

ನಾನು ಅಪ್ಪಟ ಹಸಿರು. ಕನ್ನಡದಲ್ಲಿ 'ಓದಿ' ಆದ ಮೇಲೇ 'ಇದ್ದಾನೆ' ಬರೋದು, ಅಲ್ವಾ? ಡಚ್ ಮಾತಾಡುವಾಗಲೂ ಬಾಯಿಗೆ ಅದೇ ಬರುತ್ತಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ನಮ್ಮ ಮೇಡಂ ನಕ್ಕರು. ಅವರು ಫ್ಲಾಂಡರ್ಸ್‌ನವರು, ಅಂದರೆ ಬೆಲ್ಜಿಯಂನಲ್ಲಿ ಡಚ್ ಮಾತಾಡುವ ಭಾಗದವರು. "ಫ್ಲಾಂಡರ್ಸ್‌ನವರು ನಾವೂ ಮಾತಿನಲ್ಲಿ ಜಾಸ್ತಿ ಹಸಿರೇ. ಪತ್ರಿಕೆಗೆ ಬರೆಯೋಕೆ ಕೂತರೆ ಕೆಂಪಾಗ್ತೀವಿ" ಅಂದರು.

ಎರಡರಲ್ಲಿ ಯಾವುದು ಸರಿ ಅಂತ ಕೇಳಿದೆ. ಉತ್ತರ ಕೊಡದೆ ಆಡುಮಾತಿನ ಡಚ್ ಕಾರ್ಪಸ್ ಮುಂದೆ ಕೂರಿಸಿದರು. ಕಾರ್ಪಸ್ ಅಂದರೆ ಜನ ಆಡಿದ ಮಾತುಗಳ ದೊಡ್ಡ ಸಂಗ್ರಹ. ನೆದರ್ಲೆಂಡ್ಸ್, ಫ್ಲಾಂಡರ್ಸ್ ಎರಡೂ ಕಡೆಯ ಜನರ ಮಾತು, ಸುಮಾರು 90 ಲಕ್ಷ ಪದ. ಆಡಿದವರು ಯಾವ ಕಡೆಯವರು, ಹರಟೆಯೋ ಭಾಷಣವೋ, ಸಹಾಯಕ ಕ್ರಿಯಾಪದ ಯಾವುದು ಅಂತ ಒಂದೊಂದೇ ವಾಕ್ಯಕ್ಕೆ ಗುರುತು ಹಾಕಬೇಕು. ಕಣ್ಣು ಉರಿಯೋ ಕೆಲಸ.

ಕನ್‌ಸ್ಟ್ರಕ್ಷನ್ ಗ್ರಾಮರ್ ರುಚಿ ಹತ್ತಿದ್ದು ಅಲ್ಲೇ. ಪದಕ್ಕಷ್ಟೇ ಅಲ್ಲ, ವಾಕ್ಯದ ಅಚ್ಚಿಗೂ ತನ್ನದೇ ಅರ್ಥ ಇರುತ್ತದೆ ಅನ್ನುವುದು ಅದರ ವಾದ. ಉದಾಹರಣೆಗೆ, ಬಾಗಿಲು ಮುಚ್ಚಿದೆ ಅನ್ನುವ ಸ್ಥಿತಿಗೆ 'ಖೆಸ್ಲೋಟೆನ್ ಇಸ್' ಅನ್ನುವ ಹಸಿರೇ ಹೊಂದುತ್ತದೆ. ಬಾಗಿಲನ್ನು ಯಾರೋ ಮುಚ್ಚಿದರು ಅನ್ನುವ ಘಟನೆಗಾದರೆ 'ಇಸ್ ಖೆಸ್ಲೋಟೆನ್' ಅನ್ನುವ ಕೆಂಪೂ ನಡೆಯುತ್ತದೆ. "ಎರಡೂ ಸರಿ" ಅಂತ ಬರೆದು ಕೈತೊಳೆದುಕೊಳ್ಳುವ ವ್ಯಾಕರಣ ಪುಸ್ತಕಗಳ ಮೇಲೆ ನನಗೆ ಸಿಟ್ಟು ಬಂದಿದ್ದು ಆವಾಗಲೇ.

ಈ ಕೆಂಪು-ಹಸಿರಿನ ಮೇಲೆ ಗೆರ್ಟ್ ಡೆ ಸುಟ್ಟರ್ ಅನ್ನುವ ಸಂಶೋಧಕರು 2005ರಲ್ಲಿ ಲ್ಯೂವನ್‌ನಲ್ಲೇ ಪಿಎಚ್‌ಡಿ ಮಾಡಿದ್ದರು. ಕ್ರಮವನ್ನು ತೀರ್ಮಾನಿಸೋದು ಒಂದು ಕಾರಣವಲ್ಲ, ಹತ್ತಾರು ಸೇರಿ ಎಳೆದಾಡುತ್ತವೆ. ಹಿಂದಿನ ಪದದ ಒತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ಈಗಷ್ಟೇ ಕೆಂಪು ಬಳಸಿದವರು ಮುಂದಿನ ವಾಕ್ಯದಲ್ಲೂ ಕೆಂಪಿಗೇ ವಾಲುತ್ತಾರೆ. ಹಾಗಾಗಿ ಮುಂದಿನ ವಾಕ್ಯ ಹೀಗೇ ಬರುತ್ತದೆ ಅಂತ ಹೇಳಲಾಗದು, ಬರುವ ಸಾಧ್ಯತೆ ಎಷ್ಟು ಅಂತಷ್ಟೇ ಹೇಳಬಹುದು.

ಮೇಡಂ ಜೊತೆ ಈಗಲೂ ಮೇಲ್ ಓಡಾಡುತ್ತದೆ. ಮೊನ್ನೆ ನನ್ನದೊಂದು ಕೆಂಪು ವಾಕ್ಯಕ್ಕೆ ಅಡಿಗೆರೆ ಎಳೆದು ಕಳಿಸಿದ್ದರು: "ಏನು, ಪತ್ರಿಕೆ ಜಾಸ್ತಿ ಓದ್ತಿದ್ದೀಯಾ?"