ತಿಕೋಟಾ ಚಳಿಯಲ್ಲಿ ಗೌಜಲ ಮರಿಗಳು

ಸೋಮವಾರ, ಸಂಜೆ

ಮೊಟ್ಟೆ ಒಡೆಯಲು ಶುರುವಾಗಿದೆ. ಗೌಜಲ, ಅಂದರೆ ಜಪಾನೀಸ್ ಕ್ವೇಲ್ ಮೊಟ್ಟೆ ಕಾವಿಗಿಟ್ಟ 17-18 ದಿನಕ್ಕೆ ಮರಿ ಹೊರಬರುತ್ತದೆ. ಕೋಳಿಗಾದರೆ 21 ದಿನ ಬೇಕು. ಮಧ್ಯಾಹ್ನ ಮೊದಲ ಬಿರುಕು ಕಂಡಿತು. ಈಗ ಕಾವಿನ ಥರ್ಮೋಕೋಲ್ ಡಬ್ಬಿ ತುಂಬ ಚಿಂವ್ ಚಿಂವ್ ಸದ್ದು.

ಮುಚ್ಚಳ ಎತ್ತಿ ನೋಡುವ ಆಸೆ ಆಗೇ ಆಗುತ್ತದೆ, ಆದರೂ ಎತ್ತುತ್ತಿಲ್ಲ. ಎತ್ತಿದರೆ ಒಳಗಿನ ತೇವ ಒಮ್ಮೆಲೇ ಹೊರಗೆ ಹೋಗುತ್ತದೆ. ಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟುತ್ತದೆ, ಅರ್ಧ ಒಡೆದ ಮರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ವಿಜಯಪುರ ಕಡೆ ಚಳಿಗಾಲದ ಗಾಳಿ ಮೊದಲೇ ಒಣ. ಹಾಗಾಗಿ ನೀರಿನ ತಟ್ಟೆ ನಿನ್ನೆಯೇ ತುಂಬಿಸಿಟ್ಟಿದ್ದೆ. ಹೊರಬರುವ ಮುಂಚೆ ಮರಿ ಮೊಟ್ಟೆಯ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಒಂದು ದಿನ ಹೊರಗಿನಿಂದ ಏನೂ ಸಿಗದಿದ್ದರೂ ನಡೆಯುತ್ತದೆ. ಮೈ ಒಣಗಿ ತುಪ್ಪಳ ಉಬ್ಬುವ ತನಕ ಒಳಗೇ ಇರಲಿ.

ಮಂಗಳವಾರ, ರಾತ್ರಿ

ಮರಿಗಳು ಬ್ರೂಡರ್‌ಗೆ, ಅಂದರೆ ಬಲ್ಬಿನ ಕಾವಿನಲ್ಲಿ ಬೆಚ್ಚಗಿಡುವ ಗೂಡಿಗೆ ಬಂದವು. 62 ಇವೆ. ಒಂದೊಂದು 7-8 ಗ್ರಾಂ ತೂಗುತ್ತದೆ, ಅಂಗೈ ಮೇಲಿಟ್ಟರೆ ಹೆಬ್ಬೆರಳಿನಷ್ಟೇ. ಹಳದಿ ಮೈ, ಬೆನ್ನ ಮೇಲೆ ಕಂದು-ಕಪ್ಪು ಪಟ್ಟೆ. ಇಷ್ಟು ಸಣ್ಣ ಮೈಯಲ್ಲಿ ಶಾಖ ನಿಲ್ಲುವುದಿಲ್ಲ.

ಮೊದಲ ವಾರ ಹೋಗುವ ಮರಿಗಳಲ್ಲಿ ಬಹಳಷ್ಟಕ್ಕೆ ರೋಗ ಇರುವುದಿಲ್ಲ. ಚಳಿ, ಒಂದರ ಮೇಲೊಂದು ಬಿದ್ದು ತುಳಿತ, ನೀರಲ್ಲಿ ಮುಳುಗುವುದು, ಜಾರುವ ನೆಲ, ಹಸಿವು: ಇವೇ ಹೆಚ್ಚು. ಎಲ್ಲವೂ ನಮ್ಮ ಕೈಯಲ್ಲಿರುವ ಸಂಗತಿಗಳು. ಔಷಧದ ಬಾಟಲಿ ಹುಡುಕುವ ಮುಂಚೆ ಇವುಗಳನ್ನು ನೋಡಬೇಕು ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬ್ರೂಡರ್‌ಗೆ ಚೌಕ ಡಬ್ಬಿ ಬಳಸಿಲ್ಲ. ಉದ್ದನೆಯ ರಟ್ಟನ್ನು ದುಂಡಗೆ ಬಗ್ಗಿಸಿ ಕಟ್ಟಿದ್ದೇನೆ. ಮೂಲೆ ಇದ್ದರೆ ಚಳಿಯಾದ ಮರಿಗಳೆಲ್ಲ ಅಲ್ಲೇ ಒತ್ತಿಕೊಳ್ಳುತ್ತವೆ, ಕೆಳಗಿನವು ಉಸಿರು ಕಟ್ಟಿ ಸಾಯುತ್ತವೆ. ಬಲ್ಬು ಎರಡು. ಒಂದೇ ದೊಡ್ಡದು ಹಾಕಿ ಅದು ನಡುರಾತ್ರಿ ಸುಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಚೇ ಇರುವುದಿಲ್ಲ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೇ ಕಾಲದ ತಂತಿ ಬಲ್ಬು ಈಗ ಅಂಗಡಿಯಲ್ಲಿ ಸಿಗುವುದು ಕಷ್ಟ, ಅದಕ್ಕೇ ಒಂದಿಷ್ಟು ತಂದು ಇಟ್ಟುಕೊಂಡಿದ್ದೇನೆ.

ಥರ್ಮಾಮೀಟರ್ ಗೋಡೆಗೆ ನೇತುಹಾಕಿದರೆ ಪ್ರಯೋಜನ ಇಲ್ಲ. ಮರಿಯ ಬೆನ್ನಿನ ಎತ್ತರದಲ್ಲಿ, ಅಂದರೆ ನೆಲದಿಂದ ಎರಡು ಬೆರಳು ಮೇಲೆ ಇರಬೇಕು. ಅಲ್ಲಿ ಈಗ 36 ಡಿಗ್ರಿ ಸೆಲ್ಸಿಯಸ್ ಇದೆ. ಒಂದು ಬದಿಗೆ ಸ್ವಲ್ಪ ತಂಪು ಜಾಗ ಬಿಟ್ಟಿದ್ದೇನೆ. ಬೇಕಾದ ಜಾಗವನ್ನು ಮರಿಗಳೇ ಆರಿಸಿಕೊಳ್ಳುತ್ತವೆ.

ಬುಧವಾರ

ಬೆಳಗಿನ ಜಾವ ಅವ್ವ ಎಬ್ಬಿಸಿದರು. "ಏಳಪಾ, ಮರಿ ಯಾಕ ಹಿಂಗ ಒದರಾಕತ್ತಾವ ನೋಡು." ಹೋಗಿ ನೋಡಿದರೆ ಎಲ್ಲವೂ ಬಲ್ಬಿನ ಒಂದೇ ಬದಿಗೆ ಸೇರಿದ್ದವು, ಇನ್ನೊಂದು ಬದಿ ಖಾಲಿ. ಥರ್ಮಾಮೀಟರ್ ಮಾತ್ರ 35 ತೋರಿಸುತ್ತಿತ್ತು. ಒಂದೇ ಬದಿಗೆ ಸೇರಿದರೆ ಎಲ್ಲಿಂದಲೋ ಗಾಳಿ ಬರುತ್ತಿದೆ ಅಂತ ಅರ್ಥ. ಬಾಗಿಲ ಕೆಳಗಿನ ಸಂದಿನಿಂದ ಬರುತ್ತಿತ್ತು. ಗೋಣಿಚೀಲ ಮಡಚಿ ಸಂದಿಗೆ ಒತ್ತಿದೆ. ಸ್ವಲ್ಪ ಹೊತ್ತಿಗೆ ಮರಿಗಳು ಹರಡಿಕೊಂಡು ಮಲಗಿದವು, ಒದರುವುದೂ ನಿಂತಿತು.

ಮರಿಗಳ ಸದ್ದು ಮತ್ತು ಅವು ನಿಲ್ಲುವ ಜಾಗ ನನಗೆ ಥರ್ಮಾಮೀಟರ್‌ಗಿಂತ ದೊಡ್ಡ ಅಳತೆ. ಬಲ್ಬಿನ ಕೆಳಗೆ ಗುಡ್ಡೆ ಬಿದ್ದು ಜೋರಾಗಿ ಕೂಗಿದರೆ ಚಳಿ. ಅಂಚಿಗೆ ಓಡಿ, ಕೊಕ್ಕು ತೆರೆದು, ರೆಕ್ಕೆ ಇಳಿಬಿಟ್ಟರೆ ಸೆಕೆ. ಹರಡಿಕೊಂಡು, ಕೆಲವು ತಿನ್ನುತ್ತ ಕೆಲವು ಮಲಗಿ ಸಣ್ಣಗೆ ಗುನುಗುತ್ತಿದ್ದರೆ ಸರಿ ಇದೆ.

ಇಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದರೂ ಬೆಳಗಿನ ಜಾವ 10-12ಕ್ಕೆ ಇಳಿಯುತ್ತದೆ. ಸಂಜೆ ಸರಿಮಾಡಿದ ಬಲ್ಬಿನ ಎತ್ತರ ಬೆಳಗಿನ ಜಾವಕ್ಕೆ ಸಾಲುವುದಿಲ್ಲ. ಮೂರರಿಂದ ಸೂರ್ಯ ಹುಟ್ಟುವ ತನಕದ ಹೊತ್ತೇ ಅಪಾಯದ್ದು. ಆಗ ಒಮ್ಮೆ ಎದ್ದು ನೋಡಲೇಬೇಕು.

ಒಂದು ಮರಿ ಹೋಯಿತು. ಎಲ್ಲಕ್ಕಿಂತ ಕೊನೆಗೆ ಹೊರಬಂದದ್ದು. ಹೊಕ್ಕುಳು ಸರಿಯಾಗಿ ಮುಚ್ಚಿರಲಿಲ್ಲ.

ಗುರುವಾರ

ಬೈಲಹೊಂಗಲದಿಂದ ಗೆಳೆಯನ ಫೋನು. "ಅಣ್ಣಾ, ನಾಲ್ಕನೇ ದಿನಕ್ಕ ಸಾಯಾಕತ್ತಾವ್ರೀ. ಯಾವ ಔಷಧ ಹಾಕ್ಲಿ?" ಮೂರು ದಿನ ಚೆನ್ನಾಗಿ ಓಡಾಡಿದ ಮರಿಗಳು ಇದ್ದಕ್ಕಿದ್ದಂತೆ ಹೋಗುತ್ತಿವೆ ಅಂದ. ಸತ್ತ ಮರಿಯ ಕತ್ತಿನ ಬುಡದಲ್ಲಿ ಕಾಳು ನಿಲ್ಲುವ ಚೀಲ ಮುಟ್ಟಿ ನೋಡು ಅಂದೆ. ಖಾಲಿ ಇತ್ತು. ಫೀಡಿನ ಕಾಳು ಎಷ್ಟು ದಪ್ಪ ಇದೆ ಅಂತ ಫೋಟೊ ತರಿಸಿಕೊಂಡೆ. ಬ್ರಾಯ್ಲರ್ ಮರಿಗೆ ಹಾಕುವ ತರಿತರಿ ಫೀಡು, ಕ್ರಂಬಲ್ ಅದು. 40 ಗ್ರಾಂ ತೂಗುವ ಕೋಳಿಮರಿಗೆ ಅದು ಸರಿ, ಈ ಕೊಕ್ಕಿಗೆ ಹಿಡಿಯುವುದಿಲ್ಲ.

ಹೊಟ್ಟೆಯೊಳಗಿನ ಹಳದಿ ಮೂರನೇ ದಿನದ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಅಷ್ಟರಲ್ಲಿ ತಿನ್ನಲು ಕಲಿಯದ ಮರಿ ನಾಲ್ಕು, ಐದನೇ ದಿನಕ್ಕೆ ಬೀಳುತ್ತದೆ. ನೋಡುವವರಿಗೆ ರೋಗ ಬಂದಂತೆ ಕಾಣುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಜನ ಔಷಧಕ್ಕೆ ದುಡ್ಡು ಹಾಕುತ್ತಾರೋ, ನೆನೆದರೆ ಸಂಕಟ ಆಗುತ್ತದೆ. ಗೆಳೆಯ ಆಗಲೇ ಫೀಡನ್ನು ಮಿಕ್ಸರ್‌ಗೆ ಹಾಕಿದ.

ನಾನೂ ಅದನ್ನೇ ಮಾಡುವುದು. ಮಿಕ್ಸರ್‌ನಲ್ಲಿ ಒಂದೆರಡು ಸುತ್ತು ತಿರುಗಿಸಿ ಜರಡಿ ಹಿಡಿಯುತ್ತೇನೆ. ಸಣ್ಣ ರವೆಯಷ್ಟು ಇರಬೇಕು. ಹಿಟ್ಟಾದರೆ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ಗೌಜಲ ಮರಿಗೆ ಕೋಳಿಮರಿಗಿಂತ ಜಾಸ್ತಿ ಪ್ರೋಟೀನ್ ಬೇಕು, ಮೊದಲ ವಾರಗಳಲ್ಲಿ 24ರಿಂದ 27 ಪರ್ಸೆಂಟ್. ನಮ್ಮ ಕಡೆ ಸುಲಭವಾಗಿ ಸಿಗುವ ಬ್ರಾಯ್ಲರ್ ಪ್ರೀ-ಸ್ಟಾರ್ಟರ್ (ಎಳೆ ಮರಿಗಳ ಮೊದಲ ಫೀಡು) ಅದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಬೇಯಿಸಿದ ಮೊಟ್ಟೆ ಪುಡಿಮಾಡಿ ಸ್ವಲ್ಪ ಬೆರೆಸುತ್ತೇನೆ. ಉಳಿದದ್ದನ್ನು ಒಂದೆರಡು ತಾಸಿನಲ್ಲಿ ತೆಗೆದುಬಿಡಬೇಕು, ಇಲ್ಲದಿದ್ದರೆ ಹಳಸುತ್ತದೆ. ಮೊದಲ ಎರಡು ದಿನ ಫೀಡನ್ನು ನೆಲದ ಮೇಲೇ ಹರಡಿ, ಬೆರಳ ತುದಿಯಿಂದ ಟಕ್ ಟಕ್ ಅಂತ ತಟ್ಟುತ್ತೇನೆ. ಒಂದು ಮರಿ ಬಂದು ಕುಕ್ಕಿದರೆ ಹತ್ತು ಮರಿ ಬರುತ್ತವೆ. ತಾಯಿ ಇದ್ದಿದ್ದರೆ ಅದೇ ತೋರಿಸಿಕೊಡುತ್ತಿತ್ತು, ಅಲ್ವಾ.

ನೀರಿಗೆ ಡಬ್ಬಿಯ ಮುಚ್ಚಳ ಸಾಕು. ಅದರ ತುಂಬ ಗೋಲಿ ಹಾಕಿದ್ದೇನೆ. ಗೋಲಿಗಳ ಸಂದಿನಲ್ಲಿ ಕೊಕ್ಕು ಹೋಗುತ್ತದೆ, ಮರಿ ಬೀಳುವುದಿಲ್ಲ. ಅರ್ಧ ಸೆಂಟಿಮೀಟರ್ ತೆರೆದ ನೀರಿದ್ದರೂ ಈ ಮರಿ ಅದರಲ್ಲಿ ಮಲಗಿ ಸಾಯಬಹುದು. ಮುಳುಗದಿದ್ದರೂ ಒದ್ದೆಯಾದರೆ ಚಳಿ ಹಿಡಿಯುತ್ತದೆ. ನೀರು ಉಗುರುಬೆಚ್ಚಗಿರಲಿ.

ಶನಿವಾರ

ಇಂದು ನೆಲದ ಬಗ್ಗೆ ಬರೆಯಬೇಕು. ಸುಮ್ನೆ ಪೇಪರ್ ಹಾಸಿ ಮರಿ ಬಿಡುವವರು ಬಹಳ. ಪೇಪರ್ ಮೇಲೆ ಕಾಲು ಜಾರುತ್ತದೆ, ಎರಡು ದಿನದಲ್ಲಿ ತೊಡೆ ಅಗಲಿ ಮರಿ ಈಜುವ ಹಾಗೆ ತೆವಳುತ್ತದೆ. ಆ ಮರಿ ನೀರಿಗೂ ತಲುಪುವುದಿಲ್ಲ, ಕಾಳಿಗೂ ತಲುಪುವುದಿಲ್ಲ. ಗೋಣಿತಟ್ಟು ಹಿಡಿತ ಕೊಡುತ್ತದೆ, ಆದರೆ ಅದರ ನಾರು ಬಿಚ್ಚಿಕೊಂಡು ಬೆರಳಿಗೆ ಸುತ್ತುತ್ತದೆ. ನಾನು ಹಾಸಿರುವುದು ಗೀರುಗೀರು ಮೈಯ ರಟ್ಟು. ಮೇಲಿನ ಕಾಗದ ಸುಲಿದರೆ ಒಳಗಿನ ಏರಿಳಿತ ಸಿಗುತ್ತದೆ. ಉಗುರು ಅಲ್ಲಿ ಚೆನ್ನಾಗಿ ನಿಲ್ಲುತ್ತದೆ. ಹೊಲಸಾದರೆ ಎತ್ತಿ ತಿಪ್ಪೆಗೆ ಹಾಕಿದರಾಯಿತು. ತಿನ್ನಲು ಕಲಿತ ಮೇಲೆ ಭತ್ತದ ಹೊಟ್ಟು ಹಾಕುತ್ತೇನೆ. ಮುಂಚೆಯೇ ಹಾಕಿದರೆ ಹೊಟ್ಟನ್ನೇ ತಿನ್ನುತ್ತವೆ.

ಒಂದು ಮರಿಯ ಕಾಲು ಅಗಲುತ್ತಿರುವುದು ನಿನ್ನೆ ಕಂಡಿತ್ತು. ಬ್ಯಾಂಡೇಡ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ಎರಡೂ ಕಾಲಿಗೆ ಸಡಿಲವಾಗಿ ಸುತ್ತಿದೆ, ನಡುವೆ ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು. ಎಲುಬು ಎಳೆಯದಾಗಿರುವಾಗಲೇ ಮಾಡಿದರೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಇವತ್ತು ಅದು ನೆಟ್ಟಗೆ ನಿಂತಿತು. ಹಿಂಬದಿಗೆ ಹಿಕ್ಕೆ ಅಂಟಿದ ಎರಡು ಮರಿಗಳನ್ನೂ ಬೆಚ್ಚನೆ ನೀರಿನ ಹತ್ತಿಯಿಂದ ಒರೆಸಿದೆ. ಎಳೆದು ಕೀಳಬಾರದು, ಚರ್ಮ ಹರಿಯುತ್ತದೆ.

ಭಾನುವಾರ, ಕರೆಂಟ್ ಇಲ್ಲ

ರಾತ್ರಿ ಕರೆಂಟ್ ಹೋಯಿತು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಇಟ್ಟು, ಮೇಲೆ ಹಳೇ ಕಂಬಳಿ ಅರ್ಧ ಮುಚ್ಚಿದೆ. ಮರಿಗಳು ಬಾಟಲಿಗೆ ಅಂಟಿಕೊಂಡು ಮಲಗಿದವು. ಪಕ್ಕದ ಮನೆಯ ಕಾಕಾ ಶೆಗಡಿಯಲ್ಲಿ ಕೆಂಡ ತಂದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಬರುವ ವಿಷಗಾಳಿ ಮರಿಗೂ ಅಪಾಯ, ಮನುಷ್ಯರಿಗೂ ಅಪಾಯ. ಆ ಕೆಂಡದ ಮೇಲೆ ಅಂಗಳದಲ್ಲೇ ನೀರು ಕಾಯಿಸಿಕೊಂಡೆ.

ಇನ್ನೊಂದು ಕಾವಲು ಇರುವೆಗೆ. ಕೆಂಪಿರುವೆ ಒಂದು ಸಾಲು ಬಂದರೆ ಎಳೆ ಮರಿಯ ಕಣ್ಣಿಗೇ ಮುತ್ತುತ್ತದೆ. ಬ್ರೂಡರ್ ಇಟ್ಟ ಮೇಜಿನ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲು ಇದೆ. ಬೆಕ್ಕು, ಇಲಿಗೆ ಮೇಲಿಂದ ಜಾಲರಿ.

ಎರಡನೇ ವಾರ

ಒಟ್ಟು ಮೂರು ಮರಿ ಹೋಗಿವೆ. ಉಳಿದವಕ್ಕೆ ರೆಕ್ಕೆಯ ಗರಿ ಬಂದಿದೆ. ಕಾವನ್ನು ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಿದ್ದೇನೆ, ಬಲ್ಬನ್ನು ಸ್ವಲ್ಪ ಸ್ವಲ್ಪ ಮೇಲೆತ್ತಿ. ಮಧ್ಯಾಹ್ನ ಒಂದು ಬಲ್ಬು ಪೂರ್ತಿ ಬಂದ್. ಏಪ್ರಿಲ್‌ನಲ್ಲಿ ಈ ಕೆಲಸ ಮಾಡುವವರಿಗೆ ಲೆಕ್ಕ ಉಲ್ಟಾ. ಆಗ ಇಲ್ಲಿ ಹಗಲು 40 ಮುಟ್ಟುತ್ತದೆ, ಬಲ್ಬಿಗಿಂತ ನೆರಳು ಮತ್ತು ತಂಪು ನೀರು ಮುಖ್ಯ.

ಈಗ ಹೆದರಿದರೆ ನೆಟ್ಟಗೆ ಮೇಲಕ್ಕೆ ಜಿಗಿಯುತ್ತವೆ. ತಂತಿ ಜಾಲರಿಗೆ ತಲೆ ಬಡಿದು ಗಾಯ ಆಗುತ್ತದೆ. ಅದಕ್ಕೆ ಜಾಲರಿಯ ಒಳಬದಿಗೆ ಸೊಳ್ಳೆಪರದೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿದ್ದೇನೆ.

ನೋಡಲು ಬಂದ ಊರಿನವರು ಇವು ಹೊಲದ ಲಾವಕ್ಕಿ ಅಂದುಕೊಂಡರು. ಅಲ್ಲ ಅಂತ ಬಿಡಿಸಿ ಹೇಳಿದೆ. ಹೊಲದಲ್ಲಿರುವ ಕಾಡುಹಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿಯುವ ಹಾಗಿಲ್ಲ. ಇದು ಸಾಕಲೆಂದೇ 1974ರಲ್ಲಿ ಅಮೆರಿಕದಿಂದ ನಮ್ಮ ದೇಶಕ್ಕೆ ತಂದ ತಳಿ. ಬರೇಲಿ ಹತ್ತಿರದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಇದರ ಮೇಲೆ ಬಹಳ ಕೆಲಸ ಮಾಡಿದೆ. ಬಂದವರು ಹಿತ್ತಲ ಕೋಳಿಗಳ ಜೊತೆ ಬಿಡಬಹುದಲ್ಲಾ ಅಂತಲೂ ಕೇಳಿದರು. ಬಿಡಬಾರದು. ಕೋಳಿ ತಾನು ಚೆನ್ನಾಗಿದ್ದುಕೊಂಡೇ ಇವಕ್ಕೆ ರೋಗ ದಾಟಿಸಬಹುದು. ಕೋಳಿಗಳ ಕೆಲಸ ಮುಗಿಸಿ ಕೈ ತೊಳೆಯದೆ ನಾನು ಈ ಕೋಣೆಗೆ ಬರುವುದಿಲ್ಲ.

ಮೂರನೇ ವಾರದ ಕೊನೆ

ಹಗಲು ಬಲ್ಬು ಇಲ್ಲ, ರಾತ್ರಿ ಮಾತ್ರ ಒಂದು. 59 ಹಾಗೇ ಇವೆ. ಎದೆಯ ಗರಿ ಬಣ್ಣ ಬಿಡುತ್ತಿದೆ. ಗಂಡಿಗೆ ಇಟ್ಟಿಗೆ ಕೆಂಪಿನ ಸಾದಾ ಎದೆ, ಹೆಣ್ಣಿಗೆ ಬೂದು ಮೈ ಮೇಲೆ ಕಪ್ಪು ಚುಕ್ಕೆ. ಕೆಲವು ಇನ್ನೂ ಸ್ಪಷ್ಟ ಇಲ್ಲ, ನಾಲ್ಕನೇ ವಾರದಲ್ಲಿ ಬೇರೆ ಮಾಡುತ್ತೇನೆ. ಹೆಣ್ಣುಗಳು ಆರು-ಏಳು ವಾರಕ್ಕೆ ಮೊಟ್ಟೆಗೆ ಬರುತ್ತವೆ. ಅಷ್ಟರಲ್ಲಿ ಪಂಜರ ಸಿದ್ಧ ಆಗಬೇಕು. ಕೆಳಗಿನ ಜಾಲರಿಯ ಕಣ್ಣು ಕಾಲು ಸಿಕ್ಕದಷ್ಟು ಸಣ್ಣದು ಬೇಕು. ನಾಳೆ ವಿಜಯಪುರಕ್ಕೆ ಹೋದಾಗ ಅದನ್ನು ಹುಡುಕುತ್ತೇನೆ.